ಬೆಚ್ಚಗಿದ್ದ ಕೊಳಲುಗಳು

ಹೊಸನಗರದ ಆಚೆಯ ನಮ್ಮ ಪ್ರೈಮರಿ ಶಾಲೆಯಲ್ಲಿ ಮಕ್ಕಳ ರೆಕಾರ್ಡರ್ ಕೊಳಲಿನ ತಂಡ ಕಟ್ಟಿದವರು ವಾಗ್ದೇವಿ ಟೀಚರ್. ತಣ್ಣಗಾದರೆ ಪ್ಲಾಸ್ಟಿಕ್ ಕೊಳಲಿನ ಶ್ರುತಿ ಇಳಿಯುತ್ತದೆಂದು, ಚಳಿಗಾಲದಲ್ಲಿ ಒಂದೊಂದನ್ನೂ ಅಂಗೈಯಲ್ಲಿ ಉಜ್ಜಿ ಕೊಡುತ್ತಿದ್ದರು. ಮಕ್ಕಳು ಕೈಯೊಡ್ಡಿ ಸಾಲಾಗಿ ನಿಲ್ಲುತ್ತಿದ್ದ ಆ ಬೆಳಗುಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ.

ಅವರು ತೀರಿಕೊಂಡ ಮೇಲೆ ತಂಡ ನನ್ನ ಪಾಲಿಗೆ ಬಂತು. ನನಗೆ ಸಂಗೀತ ಅಷ್ಟಕ್ಕಷ್ಟೆ. ಮಕ್ಕಳು ಒಬ್ಬೊಬ್ಬರಾಗಿ ಬಿಡತೊಡಗಿದರು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಕೊರೆಯುತ್ತಿದ್ದ ಕಬ್ಬಿಣದ ಬೀರುವಿನ ಬೀಗ ತೆಗೆದು ಕೊಳಲು ಹಂಚಿದೆ.

"ಮೇಡಂ, ಬಿಸಿ ಮಾಡಿ ಇಟ್ಟಿದ್ರಾ?" ಎಂದಳು ಹೊಸದಾಗಿ ಸೇರಿದ ನವ್ಯಾ.

ಮುಟ್ಟಿ ನೋಡಿದೆ. ಈಗಷ್ಟೇ ಯಾರೋ ಹಿಡಿದು ಬಿಟ್ಟಂಥ ಬಿಸುಪು. ಅಂದು ಮಕ್ಕಳು ಒಂದೇ ಶ್ರುತಿಯಲ್ಲಿ ನುಡಿಸಿದರು. ಜೊತೆಗೂಡಲೆಂದು ಅದೇ ಬೀರುವಿನಲ್ಲಿದ್ದ ನನ್ನ ಕೊಳಲನ್ನೂ ಕೈಗೆತ್ತಿಕೊಂಡೆ.

ಅದು ಮಾತ್ರ ತಣ್ಣಗಿತ್ತು.