ಮೂರನೇ ಸಲವೂ ಕೆಟ್ಟ ಟೈಮಿಂಗ್

ಲಸಾದ್ ಬರುತ್ತಿದ್ದಾನೆಂದು ನನಗೆ ಮೂರು ಬೀದಿ ಮೊದಲೇ ಗೊತ್ತಾಯಿತು. ಢಬ್! ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಢಬ್! ಬಾಬ್ ಜೆಬ್ಲಿ ಕೋಟೆಬಾಗಿಲ ಕಡೆ ಪಾರಿವಾಳಗಳು ಗಾಬರಿಯಾಗಿ ಮೇಲೆದ್ದವು. ಅವನ ಅಜ್ಜನ ಕಾಲದ ಇಂಗ್ಲಿಷ್ ಬೈಕಿನ ಸೈಲೆನ್ಸರ್ ಹೊಡೆಯುತ್ತಿತ್ತು. ಹದಿನೈದು ದಿನದಲ್ಲಿ ಇದು ಮೂರನೇ ಸಲ.

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಸ್ಫಾಕ್ಸ್ ಊರಲ್ಲಿ ಹಳೇ ಬೈಕಿನ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ ಕೂಡಿಸುವ ಕೆಲಸ, ಎಂದರೆ ನಮ್ಮ ಅಂಗಡಿ. ಬಾಬಾ, ನಮ್ಮಪ್ಪ, ನಲವತ್ತು ವರ್ಷ ದುಡಿದು ಗಳಿಸಿದ ಹೆಸರು. ಈಗ ಅವರಿಗೆ ಕಣ್ಣು ಮಂಜು, ಕೆಲಸವೆಲ್ಲ ನನ್ನದು. ಈ ಪುಣ್ಯಾತ್ಮ ಊರೆಲ್ಲ ಸದ್ದು ಮಾಡಿಕೊಂಡು ನಮ್ಮ ಬಾಗಿಲಿಗೇ ಬಂದು ನಿಂತರೆ ಯಾರ ಮರ್ಯಾದೆ ಹೋಗುವುದು?

ಸುಳ್ಳೇಕೆ ಹೇಳಲಿ, ಸಿಟ್ಟಿನ ನಡುವೆಯೇ ತಲೆಯ ಬಟ್ಟೆಯನ್ನೂ ಸರಿಮಾಡಿಕೊಂಡೆ.

"ಮೇಸ್ತ್ರಮ್ಮ, ಮತ್ತೆ ಕೆಮ್ತಾ ಇದೆ," ಎಂದ ಲಸಾದ್, ಹೆಲ್ಮೆಟ್ ತೆಗೆಯುತ್ತಾ.

"ಕೆಮ್ಮು ಬೈಕಿಗೋ, ಬೈಕಿನೋರಿಗೋ?"

"ನನ್ನದನ್ನ ಯಾರು ಕೇಳ್ತಾರೆ ಬಿಡಿ."

ಬಾಗಿಲ ಬಳಿ ಕುರ್ಚಿಯಲ್ಲಿದ್ದ ಬಾಬಾ ಕಿಸಕ್ಕನೆ ನಕ್ಕರು. ನಾನು ನಗಲಿಲ್ಲ. ಸೈಲೆನ್ಸರ್ ಪೈಪಿನ ಬೆಸುಗೆ ನೋಡಿದೆ, ಎಲ್ಲೂ ಗಾಳಿ ಸೋರುತ್ತಿರಲಿಲ್ಲ. ಕಾರ್ಬ್ಯುರೇಟರ್ ಸರಿಯಾಗಿತ್ತು. ಕಿಡಿ ಹಾರಿಸುವ ಪಾಯಿಂಟಿನ ಅಂತರವೂ ಸರಿ. ಪೈಪು ಮಾತ್ರ ಇಂಜಿನ್ ಹತ್ತಿರ ನೀಲಿಯಾಗಿತ್ತು. ಕಿಡಿ ತಡವಾಗಿ ಹಾರಿದರೆ ಹೀಗೇ. ಅರ್ಧ ಸುಟ್ಟ ಪೆಟ್ರೋಲು ಪೈಪಿಗೆ ಬಂದು ಅಲ್ಲಿ ಸಿಡಿಯುತ್ತದೆ.

ಪ್ಲಗ್ ಬಿಚ್ಚಿ, ತೂತಿನಲ್ಲಿ ಕಡ್ಡಿ ಇಳಿಸಿ ಪಿಸ್ಟನ್ ಎಲ್ಲಿದೆ ಎಂದು ಅಳೆದೆ. ಪಾಯಿಂಟುಗಳ ನಡುವೆ ಸಿಗರೇಟು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾ ಚಕ್ರ ತಿರುಗಿಸಿದೆ. ಕಾಗದ ಸಡಿಲವಾಗುವ ಗಳಿಗೆಯೇ ಕಿಡಿಯ ಗಳಿಗೆ. ಸಡಿಲವಾಗಬೇಕಾದ ಜಾಗ ದಾಟಿ ಎಷ್ಟೋ ಹೊತ್ತಿನ ಮೇಲೆ ಕಾಗದ ಕೈಗೆ ಬಂತು. ಹೋದ ವಾರ ನಾನೇ ಕೂದಲೆಳೆಯಷ್ಟೂ ತಪ್ಪದಂತೆ ಕೂಡಿಸಿದ್ದೆ!

ಇಳಿಹೊತ್ತಿನ ಅಸರ್ ನಮಾಜಿನ ಬಾಂಗು ಕೇಳಿಸಿತು. ಬಾಬಾ ಕೋಲು ಹಿಡಿದು ಮಸೀದಿಗೆ ಹೊರಟರು. ಅವರು ತಿರುವು ದಾಟುವುದನ್ನೇ ಕಾದು ಬಾಯಿಬಿಟ್ಟೆ.

"ನೇರವಾಗಿ ಕೇಳ್ತೀನಿ. ಟೈಮಿಂಗ್‌ಗೆ ಕಾಲಿಲ್ಲ, ತಾನಾಗೇ ಎಲ್ಲೂ ಹೋಗಲ್ಲ. ನೀವೇ ಬಿಚ್ಚಿ ತಿರುಗಿಸ್ತಾ ಇದ್ದೀರಾ ತಾನೇ? ಇಲ್ಲಿಗೆ ಬರೋಕೆ ಒಂದು ನೆಪ ಬೇಕು ಅಂತ?"

ಅವನ ಮುಖದ ನಗು ಮಾಯವಾಯಿತು. "ಅಲ್ಲಾನಾಣೆ, ನಾನು ಮುಟ್ಟಿಲ್ಲ."

ಅಯ್ಯೋ, ನಾಚಿಕೆಯಿಂದ ಸತ್ತೇಹೋದೆ. ಅವನು ನನಗೋಸ್ಕರ ಬೈಕು ಕೆಡಿಸುತ್ತಿದ್ದಾನೆಂದು ಎರಡು ವಾರದಿಂದ ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಹಾಗಿರಲಿ ಎಂಬ ಆಸೆ ನನ್ನದು. ಈಗ ಅದನ್ನು ಬಾಯಿಬಿಟ್ಟು ಹೇಳಿಯೂ ಆಗಿತ್ತು.

ತಲೆ ತಗ್ಗಿಸಿ ಕೆಲಸ ಹಿಡಿದೆ. ಕಿಡಿ ಹುಟ್ಟಿಸುವ ಮ್ಯಾಗ್ನೆಟೋವನ್ನು ತಿರುಗಿಸುವ ಗಿಯರ್ ಕಳಚಿದೆ. ಅದು ಕೂರುವ ಶಾಫ್ಟಿನ ತುದಿ ಟೇಪರ್, ಅಂದರೆ ಬರಬರುತ್ತಾ ಸಣ್ಣಗಾಗುತ್ತದೆ. ಗಿಯರ್ ಅದರ ಮೇಲೆ ಬಿಗಿಯಾಗಿ ಕಚ್ಚಿಕೊಂಡು ನಿಲ್ಲುತ್ತದೆ. ಎಂದಿನಂತೆ ಬೆಳಗಿನ ಬ್ರೆಡ್ಡಿಗಿಟ್ಟ ಆಲಿವ್ ಎಣ್ಣೆಯ ಬಟ್ಟಲಿಗೆ ಬೆರಳದ್ದಿ ಶಾಫ್ಟಿಗೆ ಸವರಲು ಹೋದೆ. ನಮ್ಮೂರಲ್ಲಿ ಕಿವಿನೋವಿಗೂ ಅದೇ, ಕಿರುಗುಡುವ ಬಾಗಿಲಿಗೂ ಅದೇ. ಯಾವ ಭಾಗ ಕೂಡಿಸಿದರೂ ಒಂದು ಹನಿ ಎಣ್ಣೆ ಹಚ್ಚುವುದು ಬಾಬಾ ಕಲಿಸಿದ ಪದ್ಧತಿ.

ಲಸಾದ್ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಅದು ಬೇಡ, ನಜೀಹಾ."

ಮೊದಲ ಸಲ ನನ್ನ ಹೆಸರು ಹಿಡಿದು ಕರೆದಿದ್ದ.

"ಯಾಕೆ?"

"ಬೋಲ್ಟಿಗಾದ್ರೆ ಹಚ್ಚಿ. ಟೇಪರ್‌ಗೆ ಎಣ್ಣೆ ಹಚ್ಚಿದ್ರೆ ಗಿಯರ್ ಕಚ್ಚಲ್ಲ, ದಿನಾ ಇಷ್ಟಿಷ್ಟೇ ಜಾರುತ್ತೆ. ನಾನಿರೋದು ಎಣ್ಣೆ ಗಾಣದಲ್ಲಿ, ಮೂಗಿನ ತನಕ ಎಣ್ಣೆ. ಆದ್ರೂ ಮೆಷಿನ್ನಿನ ಟೇಪರನ್ನ ಒರೆಸಿ ಒಣಗಿಸಿಯೇ ಕೂಡಿಸ್ತೀವಿ."

ಬೆರಳು ಅಲ್ಲೇ ನಿಂತಿತು. ಮೊದಲ ಸಲ ಹೇಗೋ ಏನೋ, ಆಮೇಲಿನ ಎರಡು ಸಲವೂ ಕೆಡಿಸಿದ್ದು ನಾನೇ.

"ನಿಮಗೆ ಯಾವಾಗ ಗೊತ್ತಾಯ್ತು?"

"ಎರಡನೇ ಸಲ. ನೀವು ಸವರೋದು ಕಂಡೆ."

"ಕಂಡೂ ಸುಮ್ಮನಿದ್ರಾ? ಊರೆಲ್ಲ ನನ್ನ ಮಾನ ಹರಾಜು ಹಾಕ್ಕೊಂಡು ಓಡಾಡಿದ್ರಲ್ಲ!"

"ನಿಮ್ಮಪ್ಪ ಎದುರಿಗೇ ಕೂತಿದ್ರು. ಅವರ ಪದ್ಧತಿ ತಪ್ಪು ಅಂತ ಹೇಗೆ ಹೇಳೋದು?"

"ಅವತ್ತೂ ಆಮೇಲೆ ಬಾಬಾ ನಮಾಜಿಗೆ ಹೋಗಿದ್ರು. ಆಗ ಹೇಳಬಹುದಿತ್ತಲ್ಲ?"

ಅವನು ಕೈಯಲ್ಲಿದ್ದ ಹೆಲ್ಮೆಟ್ಟನ್ನು ಸುಮ್ಮನೆ ತಿರುಗಿಸಿದ. ಕಿವಿ ಕೆಂಪಾಗಿತ್ತು.

"ಹೇಳಿದ್ರೆ ಬೈಕು ಸರಿಹೋಗ್ತಿತ್ತು."

ಬೈಯುವುದು ಮರೆತು ಬಟ್ಟೆ ಎತ್ತಿಕೊಂಡೆ. ಅದಕ್ಕೆ ಪೆಟ್ರೋಲು ಹಾಕಿ ಶಾಫ್ಟನ್ನು ಒರೆಸಿದೆ, ಒಣಗಿಸಿದೆ. ಕಾಗದ ಹಿಡಿದು ಅಳತೆ ನೋಡಿ ಗಿಯರ್ ಬಿಗಿದೆ. ಮನಸ್ಸು ಅಳತೆಯ ಮೇಲಿರದೆ ಎರಡು ಸಲ ಅಳೆಯಬೇಕಾಯಿತು.

ಒಂದೇ ಕಿಕ್ಕಿಗೆ ಇಂಜಿನ್ ಎದ್ದಿತು. ಅವನು ಬಂದರಿನವರೆಗೆ ಹೋಗಿ ಬಂದ. ಒಂದು ಸದ್ದಿಲ್ಲ. ಪಾರಿವಾಳಗಳು ಕೂತಲ್ಲೇ ಕೂತಿದ್ದವು.

"ಸರಿಹೋಯ್ತು," ಎಂದ, ಯಾರೋ ತೀರಿಕೊಂಡ ಸುದ್ದಿ ಹೇಳುವವನ ಹಾಗೆ.

ನನಗೆ ನಗು ತಡೆಯಲಾಗಲಿಲ್ಲ. "ಇನ್ನು ಬೈಕ್ ತರಬೇಡ. ಶುಕ್ರವಾರ ನಡ್ಕೊಂಡು ಬಾ. ಬಾಬಾ ಮನೇಲೇ ಇರ್ತಾರೆ."

'ನೀವು' ಹೋಗಿ 'ನೀನು' ಬಂದದ್ದು ಅವನಿಗೆ ತಿಳಿಯಿತು. "ಬಂದು ಏನು ಹೇಳ್ಲಿ? ಎಣ್ಣೆ ವಿಷಯಾನಾ?"

"ಎಣ್ಣೆ ವಿಷಯ ನಾನು ಹೇಳ್ತೀನಿ. ಇನ್ನೊಂದು ವಿಷಯ ನೀನು ಹೇಳು."

ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಲಸಾದ್ ಬೈಕಿನ ಇಂಜಿನ್ ಆರಿಸಿ, ಬಾಬಾರ ಖಾಲಿ ಕುರ್ಚಿಯ ಪಕ್ಕ ಸ್ಟೂಲೆಳೆದು ಕೂತ.

"ಅವರು ನಮಾಜಿಂದ ಬರಲಿ," ಎಂದ. "ಇವತ್ತೇ ಹೇಳ್ತೀನಿ."