ಬುಡಮೇಲು ಕಂಬ

“ಆ ಕಂಬದ ಬೆಣೆ ಮಾತ್ರ ಮುಟ್ಟಬ್ಯಾಡ್ರಿ ಸಾರ್. ಉಳಿದ ಹನ್ನೊಂದನ್ನ ಬೇಕಾದ್ರೆ ಬಿಚ್ಚಿ ನೋಡ್ರಿ.”

ಮುದುಕ ಬಡಗಿ ಸಣ್ಣಪ್ಪ ಹೀಗೆಂದದ್ದೇ ತಡ, ಹೇಮಂತ ನಕ್ಕುಬಿಟ್ಟ. ಉಡುತಡಿ ಹಾದಿಯ ಆ ಹಳೆಯ ವಾಡೆಯಲ್ಲಿ ಒಂದೇ ಒಂದು ಮೊಳೆಯಿರಲಿಲ್ಲ. ಹನ್ನೆರಡು ಬೀಟೆ ಕಂಬ, ಅವುಗಳ ತಲೆಯ ಮೇಲೆ ಹೂಬಳ್ಳಿ ಕೆತ್ತಿದ ಬೋದಿಗೆ, ಅದರ ಮೇಲೆ ತೊಲೆ. ಎಲ್ಲವೂ ಮರದ ಬೆಣೆಗಳ ಹಿಡಿತದಲ್ಲೇ ಇನ್ನೂರು ವರ್ಷ ನಿಂತಿದ್ದವು. ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಬಾವಲಿ ಹಿಕ್ಕೆಯ ಘಾಟು, ಹಳೇ ಎಣ್ಣೆಯ ಕಮಟು, ಕಣ್ಣು ಕೀಲಿಸಿದರೂ ಕರಗದ ಕತ್ತಲು.

“ಯಾಕಂತೆ ಅಜ್ಜಾ?”

“ಕಂಬಾನ ಮರ ಬೆಳೆದಂಗೇ ನಿಲ್ಲಿಸ್ಬೇಕು. ಇದು ಬುಡಮೇಲು ನಿಂತೈತಿ. ಇಲ್ಲಿ ಅಣ್ಣ-ತಮ್ಮ ಇಬ್ರು ಬಡಗ್ಯೋರಿದ್ರು. ತಮ್ಮನ ಕೆಲಸ ಕಂಡು ಅಣ್ಣಗೆ ತಡೀಲಿಲ್ಲ. ಇವನ ಕೈ ಸತ್ತೋಗ್ಲಿ ಅಂತ ಅವನ ಹೆಸರು ಬರೆದು ಈ ಕಂಬದ ತೂತಿನಾಗಿಟ್ಟು ಬೆಣೆ ಬಡಿದ. ಗೊತ್ತಾಗಿ ತಮ್ಮ ಕಂಬಾನೇ ತಿರುವಿ ನಿಲ್ಲಿಸಿದ. ಆಮ್ಯಾಲೆ...”

“ಸಾಕು ಬಿಡಿ. ಬುಡ ಮೇಲಾದ್ರೆ ನೆಲದ ತೇವ ಏರಲ್ಲ, ಅಷ್ಟೇ ಅದರ ಗುಟ್ಟು.”

ಸಣ್ಣಪ್ಪ ಊಟಕ್ಕೆ ಹೋದ.

ಪಡಸಾಲೆಯ ಆ ತುದಿಯಲ್ಲಿ ನಯನ ನಕ್ಷೆ ಬರೆಯುತ್ತಿದ್ದಳು. ಹೇಮಂತನ ಹೆಂಡತಿ, ಅವನಂತೆಯೇ ಆರ್ಕಿಟೆಕ್ಟ್. ಅವಳಿಗೆ ಪೆನ್ಸಿಲ್ ಹಿಡಿಯುವುದನ್ನು ಕಲಿಸಿದವನೇ ಅವನು. ಆದರೂ ವಾಡೆಯ ನಕ್ಷೆ ತೆಗೆಯುವ ಕೆಲಸ ಬಂದದ್ದು ಅವಳ ಹೆಸರಿಗೆ. ಬೆಳಿಗ್ಗೆ ಮನೆಯ ಯಜಮಾನ ವೀರಬಸಪ್ಪ ಅವಳ ಹಾಳೆ ನೋಡಿ, “ನಮ್ಮನಿ ಮತ್ತೆ ಎದ್ದು ನಿಂತಂಗೈತಿ ನೋಡ್ರಿ ತಾಯಿ” ಎಂದು ಕೈಮುಗಿದಿದ್ದ. ಆಮೇಲೆ ಹೇಮಂತನತ್ತ ತಿರುಗಿ, “ಟೇಪ್ ಹಿಡಿಯಾಕೆ ಬಂದೋರು ಇವ್ರೇನು?” ಎಂದಿದ್ದ.

ಹೇಮಂತನ ಹೊಟ್ಟೆ ಉರಿದುಹೋಗಿತ್ತು. ಈಗಲೂ ಉರಿಯುತ್ತಿತ್ತು.

ಚೀಟಿಯೊಂದರ ಮೇಲೆ ‘ನಯನ’ ಎಂದು ಬರೆದ. ತಮಾಷೆಗೆ, ಎಂದುಕೊಂಡ. ಆದರೆ “ಕೈ ಸತ್ತೋಗ್ಲಿ” ಎಂದು ಹಲ್ಲು ಕಚ್ಚಿ ಹೇಳಿದ್ದು ತಮಾಷೆಯಾಗಿರಲಿಲ್ಲ. ಬುಡಮೇಲು ಕಂಬದ ಬೆಣೆ ಎಳೆದ. ಕಾದು ಕೂತಿದ್ದಂತೆ ಸಲೀಸಾಗಿ ಬಂತು. ತೂತಿನೊಳಗಿಂದ ಈಗಷ್ಟೇ ಕಡಿದ ಹಸಿಮರದ ವಾಸನೆ. ಚೀಟಿಯನ್ನು ಬೆರಳಿನಿಂದ ಒಳಕ್ಕೆ ತಳ್ಳಿದ.

ಬೆರಳು ಹಿಂದೆ ಬರಲಿಲ್ಲ.

ಎಳೆದ. ಕೈ ಮಣಿಕಟ್ಟಿನವರೆಗೂ ಒಳಗೆ ಹೋಯಿತು. ಮೇಲೆ ತೊಲೆ ಕಿರುಗುಟ್ಟಿತು. ಒಂದು ಬೋದಿಗೆ. ಇನ್ನೊಂದು. ಹನ್ನೆರಡೂ. ಮರ ಬಿಗಿಯಾಗುತ್ತಿತ್ತು. ತೂತಿನೊಳಗೆ ಯಾರೋ ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಿದ್ದರು. “ನಯನಾ!”

ಅವಳು ಓಡಿಬಂದು ಅವನ ಸೊಂಟ ಹಿಡಿದು ಎಳೆದಳು. ಕೂಗು ಕೇಳಿ ಬಂದ ಸಣ್ಣಪ್ಪ ಕಂಬಕ್ಕೆ ಕೊಡತಿಯಿಂದ ಬಡಿದ. ಮೂರನೇ ಪೆಟ್ಟಿಗೆ ಬಲಗೈ ಹೊರಬಂತು. ಗಾಯವಿಲ್ಲ, ರಕ್ತವಿಲ್ಲ, ಜೀವವೂ ಇಲ್ಲ. ಜೊತೆಗೆ ಬಿದ್ದ ಚೀಟಿಯನ್ನು ನಯನ ಬಿಡಿಸಿದಳು. ಹೇಮಂತನದೇ ಅಕ್ಷರ, ಹೆಸರೂ ಹೇಮಂತನದೇ.

“ಹೇಳಾಕೆ ಬಿಡಲಿಲ್ಲ ನೀವು,” ಸಣ್ಣಪ್ಪ ಬೆಣೆಯನ್ನು ಮತ್ತೆ ತೂತಿಗೆ ಬಡಿಯುತ್ತ ಹೇಳಿದ. “ಆಮ್ಯಾಲೆ ಸತ್ತಿದ್ದು ಅಣ್ಣನ ಕೈ. ಬುಡಮೇಲು ಕಂಬ ಸಾರ್. ಹಾಕಿದ್ದು ಹಾಕಿದೋರಿಗೇ ತಿರುಗತೈತಿ.”

ಮೂರು ತಿಂಗಳ ಮೇಲೆ ಶಿಕಾರಿಪುರದಲ್ಲಿ ನಯನಳ ನಕ್ಷೆಗಳ ಪ್ರದರ್ಶನವಾಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೇಮಂತನ ಎಡಗೈ ಮೇಲೆದ್ದು, ಜೊತೆ ಸಿಗದೆ, ತೊಡೆಯ ಮೇಲೆ ಬಿತ್ತು. ಹೊಟ್ಟೆ ಆಗಲೂ ಉರಿಯುತ್ತಿತ್ತು.

ಈಗ ಅವಳೇ ಅನ್ನ ಕಲಸಿ ಅವನಿಗೆ ತುತ್ತು ಕೊಡುತ್ತಾಳೆ. ಚೀಟಿಯಲ್ಲಿ ಮೊದಲು ಯಾರ ಹೆಸರಿತ್ತೆಂದು ಒಮ್ಮೆಯೂ ಕೇಳಿಲ್ಲ.