ಸರೋವರದ ಮೇಲೆ ಜಾರಿದ ಮರಿ

"ಈ ಮನೇಲಿ ಹತ್ತಿ ಅನ್ನೋದು ಇಟ್ಟ ಜಾಗದಲ್ಲಿ ಇರೋದು ಯಾವತ್ತು?"

ಅಜ್ಜಿ ಕೇಳಿದ್ದು ಯಾರನ್ನೂ ಅಲ್ಲ, ಕಪಾಟನ್ನು. ಒಂದು ಕೈ ಡಬ್ಬಿಗಳ ಹಿಂದೆ ತಡಕಾಡುತ್ತಿತ್ತು. ಇನ್ನೊಂದು ಅಂಗೈಯಲ್ಲಿ ಕೋಳಿಮರಿಯೊಂದು ಕಣ್ಣು ಮುಚ್ಚಿಕೊಂಡು ಕೂತಿತ್ತು.

ಚೂಟಿ ತನ್ನ ಸ್ಕೂಲ್ ಬ್ಯಾಗಿನಿಂದ ಹತ್ತಿಯ ಉಂಡೆ ಹೊರಗೆ ತೆಗೆದಳು. "ಕ್ರಾಫ್ಟ್ ಕ್ಲಾಸಿಗೆ ಮೋಡ ಮಾಡೋಕೆ ಇಟ್ಕೊಂಡಿದ್ದೆ," ಅಂದಳು ಮೆಲ್ಲಗೆ.

"ಮೋಡ ಆಮೇಲೆ ಮಾಡುವೆಯಂತೆ. ಬೆಚ್ಚಗಿನ ನೀರು ತಾ. ಕೈಗೆ ಹಿತವಾಗಿರಬೇಕು, ಸುಡಬಾರದು."

ಮೊದಲು ಹೊರಬಂದ ಮರಿಗಳನ್ನು ಕಟ್ಟಿಕೊಂಡು ತಾಯಿಕೋಳಿ ಹಿತ್ತಲಿಗೆ ಇಳಿದುಬಿಟ್ಟಿತ್ತು. ತಡವಾಗಿ ಮೊಟ್ಟೆಯೊಡೆದ ಎರಡು ಮರಿಗಳು ಬುಟ್ಟಿಯಲ್ಲೇ ಉಳಿದಿದ್ದವು. ಅವುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮೇಲೊಂದು ಬಲ್ಬು ಇಳಿಬಿಟ್ಟು ಸಾಕುತ್ತಿದ್ದವಳು ಚೂಟಿ. "ಎಲ್ಲಾ ನಾನೇ ನೋಡ್ಕೋತೀನಿ" ಅಂದವಳೂ ಅವಳೇ.

ಅಜ್ಜಿ ಮರಿಯನ್ನು ತಿರುಗಿಸಿದಳು. ಬಾಲದ ಕೆಳಗೆ ಹಿಕ್ಕೆ ಅಂಟಿ ಒಣಗಿ, ಬಿರಡೆಯ ಹಾಗೆ ಕೂತಿತ್ತು.

"ಛೀ ಅಜ್ಜೀ..."

"ಏನು ಛೀ? ನಿನ್ನನ್ನ ತೊಳೆದ ಕೈನೇ ಇದು."

ಅಜ್ಜಿ ಒದ್ದೆ ಹತ್ತಿಯನ್ನು ಸುಮ್ಮನೆ ಒತ್ತಿ ಹಿಡಿದಳು. ಎಳೆಯಲಿಲ್ಲ, ಕೀಳಲಿಲ್ಲ. "ಎಳೆದರೆ ಚರ್ಮ ಕಿತ್ತು ಬರುತ್ತೆ. ಅದೇ ನೆನೆದು ಬಿಡಬೇಕು," ಅಂದು, ಬೆಳಗಿನ ಹೊತ್ತು ಹೇಳಿಕೊಳ್ಳುವ ಪದ್ಯವನ್ನು ಗುನುಗತೊಡಗಿದಳು. ಪದ್ಯ ಮುಗಿಯುವ ಹೊತ್ತಿಗೆ ಹಿಕ್ಕೆ ಕರಗಿತ್ತು. ಹಿಂದೆ ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ, ಮರಿಯನ್ನು ಬಲ್ಬಿನ ಕೆಳಗೆ ಬಿಟ್ಟಳು. ಅದು ಮೈ ಕೊಡವಿಕೊಂಡು ನೀರಿನ ತಟ್ಟೆಯ ಕಡೆ ಓಡಿತು.

ಇನ್ನೊಂದು ಮರಿ ಓಡಲಿಲ್ಲ. ಅದರ ಎರಡು ಕಾಲೂ ಒಂದೊಂದು ದಿಕ್ಕಿಗೆ ಚಾಚಿಕೊಂಡಿದ್ದವು. ಎದೆಯ ಮೇಲೆ ತೆವಳುತ್ತಾ, ಈಜುವವರ ಹಾಗೆ ಕಾಲು ಬಡಿಯುತ್ತಿತ್ತು.

ಅಜ್ಜಿ ಪೆಟ್ಟಿಗೆಯ ನೆಲವನ್ನು ಬೆರಳಿನಿಂದ ಸವರಿದಳು. ಅಲ್ಲಿ ನೀಲಿ ಸರೋವರದ ಚಿತ್ರವಿದ್ದ ಹೊಳೆಹೊಳೆಯುವ ಕ್ಯಾಲೆಂಡರ್ ಹಾಳೆ ಇತ್ತು.

ಚೂಟಿಯ ಅಪ್ಪ ಕೆಲಸ ಮಾಡುತ್ತಿದ್ದುದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಬಣ್ಣ ಹೆಚ್ಚುಕಡಿಮೆಯಾದ ಹಾಳೆಗಳೆಲ್ಲ ಸುರುಳಿ ಸುತ್ತಿಕೊಂಡು ಮನೆಗೇ ಬರುತ್ತಿದ್ದವು. ಡ್ರಾಯರ್ ಎಳೆದರೆ ಹಿಮದ ಬೆಟ್ಟ, ಉಪ್ಪಿನ ಡಬ್ಬಿ ಎತ್ತಿದರೆ ಗುಲಾಬಿ ತೋಟ, ಪುಸ್ತಕದ ರಟ್ಟಿಗೆಲ್ಲ ಸಮುದ್ರ. ಎಲ್ಲದಕ್ಕೂ ಇಂಕಿನ ಸಣ್ಣ ವಾಸನೆ. ಚೂಟಿ ಮರಿಗಳಿಗೂ ಒಂದು ಸರೋವರ ಹಾಸಿದ್ದಳು.

"ಚೆಂದ ಇರ್ಲಿ ಅಂತ ಹಾಕಿದೆ," ಅಂದಳು.

"ಚೆಂದವಾಗೇ ಇದೆ ಮಗಳೇ. ಆದರೆ ಜಾರುತ್ತೆ. ಕಾಲೂರೋಕೆ ಅದಕ್ಕೆ ಒರಟು ನೆಲ ಬೇಕು."

"ಇನ್ನು ಅದು ನಿಲ್ಲೋದೇ ಇಲ್ವಾ?"

"ಎಳೇ ಮೂಳೆ. ಈಗಲೇ ಕಟ್ಟಿದರೆ ನೆಟ್ಟಗಾಗಬಹುದು. ಬಿಟ್ಟರೆ ಹೀಗೇ ಬಲಿತುಬಿಡುತ್ತೆ."

ಅಜ್ಜಿ ಬ್ಯಾಂಡೇಜ್ ಪಟ್ಟಿಯನ್ನು ಉದ್ದಕ್ಕೆ ಸೀಳಿ, ಎರಡು ಕಾಲಿಗೂ ಬಳಸಿ ಅಂಟಿಸಿದಳು. ನಡುವೆ ಮರಿ ನಿಲ್ಲುವಷ್ಟು ಅಂತರ ಬಿಟ್ಟಳು. ಚೂಟಿ ಸರೋವರವನ್ನು ಎಳೆದು ತೆಗೆದು, ತನ್ನ ಹಳೆಯ ಟವೆಲ್ ಹಾಸಿದಳು.

ಸಂಜೆ ಚೂಟಿ ಸ್ಕೂಲಿನಿಂದ ಬಂದಾಗ ಮರಿ ಅಡ್ಡಬಿದ್ದು ಚೀಂವ್ ಚೀಂವ್ ಎಂದು ಒಂದೇ ಸಮನೆ ಕೂಗುತ್ತಿತ್ತು. ಎತ್ತಿ ನಿಲ್ಲಿಸಿದರೆ ಮತ್ತೆ ಬೀಳುತ್ತಿತ್ತು.

"ಅಜ್ಜೀ, ಒಂದೇ ಒಂದು ಸಲ ಬಿಚ್ಚೋಣ. ನೋವಾಗ್ತಿದೆ ಅದಕ್ಕೆ."

ಅಜ್ಜಿ ಪಕ್ಕದಲ್ಲಿ ಬಂದು ಕೂತಳು. "ನಿಮ್ಮಪ್ಪನೂ ಹೀಗೇ ಅಂತಿದ್ದ. ಆಗ ನಿನಗಿಂತ ಚಿಕ್ಕೋನು. ಗೋಡೆಯಿಂದ ಬಿದ್ದು ಕಾಲಿಗೆ ಸಿಮೆಂಟು ಪಟ್ಟಿ ಹಾಕಿದ್ದರು. 'ಅಮ್ಮಾ, ಬಿಚ್ಚಮ್ಮಾ, ಕಡೀತಿದೆ' ಅಂತ ದಿನವೆಲ್ಲ ಒಂದೇ ರಾಗ."

"ಆಗ ನೀನೇನು ಮಾಡ್ದೆ?"

"ಏನು ಮಾಡ್ಲಿ? ಹಿತ್ತಲಿಗೆ ಹೋಗಿ ಬಟ್ಟೆ ಒಗೆದೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ." ಅಜ್ಜಿ ಬಾಗಿಲಾಚೆ ನೋಡಿದಳು. ಒಗೆಯುವ ಕಲ್ಲು ಇನ್ನೂ ಅಲ್ಲೇ ಇತ್ತು, ಒಂದು ಮಗ್ಗುಲು ಸವೆದು ನುಣ್ಣಗಾಗಿ. "ನಲ್ಲಿ ಜೋರಾಗಿ ಬಿಟ್ಕೊಂಡ್ರೆ ಅವನ ಕೂಗು ಕೇಳ್ತಿರ್ಲಿಲ್ಲ."

"ಅಪ್ಪನ ಕಾಲು ಸರಿ ಹೋಯ್ತಾ?"

"ಪಟ್ಟಿ ತೆಗೆದ ವಾರವೇ ಮತ್ತೆ ಅದೇ ಗೋಡೆ ಹತ್ತಿದ."

ಚೂಟಿ ನಗಲು ಹೋದಳು. ಅಜ್ಜಿ ಇನ್ನೂ ಕಲ್ಲನ್ನೇ ನೋಡುತ್ತಿದ್ದಳು. ನಗು ಅರ್ಧಕ್ಕೇ ನಿಂತಿತು. ಬೆರಳ ತುದಿಯಲ್ಲಿ ಸಕ್ಕರೆ ನೀರು ತೆಗೆದುಕೊಂಡು ಮರಿಯ ಕೊಕ್ಕಿಗೆ ಮುಟ್ಟಿಸಿದಳು. ಅದು ಕತ್ತೆತ್ತಿ ನುಂಗಿತು.

ಮರುದಿನ ಸಂಜೆ ಪೆಟ್ಟಿಗೆಯಲ್ಲಿ ಏನೋ ಅಲುಗಿತು. ಮರಿ ಟವೆಲಿನ ಎಳೆಗಳಿಗೆ ಉಗುರು ಸಿಕ್ಕಿಸಿ, ರೆಕ್ಕೆ ಬಡಿದು, ನಿಂತಿತು. ಎರಡು ಕಾಲಿನ ಮೇಲೆ. ಚೂಟಿ ಉಸಿರು ಬಿಗಿಹಿಡಿದಳು. ಅದು ವಾಲಾಡಿತು, ಮೂತಿ ಮುಂದಾಗಿ ಬಿತ್ತು, ದೊಡ್ಡ ದನಿ ತೆಗೆದು ಕೂಗಿತು.

ಅಷ್ಟರಲ್ಲಿ, ಎರಡು ದಿನದಿಂದ ಪ್ರೆಸ್ಸಿನಲ್ಲೇ ಉಳಿದಿದ್ದ ಅಪ್ಪ ಬಂದ. ಕಂಕುಳಲ್ಲಿ ಹೊಸ ಹಾಳೆಗಳ ಸುರುಳಿ, ಬೆರಳ ಸಂದಿಯಲ್ಲಿ ಕೆಂಪು ಇಂಕು. ಚಪ್ಪಲಿ ಬಿಟ್ಟವನೇ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಯ್ಯೋ, ಇದೇನೇ ಇದು, ಕಾಲು ಕಟ್ಟಿಹಾಕಿದ್ದೀರಾ? ಎಷ್ಟು ಒದ್ದಾಡ್ತಿದೆ ನೋಡು."

"ಈಗ ನಿಂತಿತ್ತಪ್ಪ. ಒಂದು ಚೂರು ಹೊತ್ತು."

"ನಿಂತಿತಲ್ಲ, ಮತ್ತಿನ್ನೇನು? ಬಿಚ್ಚಿಬಿಡೇ ಚೂಟಿ. ನನ್ನ ಕೈಲಿ ಈ ಕೂಗು ಕೇಳೋಕಾಗಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಬಂದು ನಿಂತಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಚೂಟಿಯನ್ನೇ ನೋಡಿದಳು.

ಮರಿ ಇನ್ನೂ ಕೂಗುತ್ತಿತ್ತು. ಚೂಟಿಗೆ ಕೈ ಚಾಚಬೇಕು ಅನಿಸಿತು, ಪಟ್ಟಿಯ ತುದಿ ಹಿಡಿದು ಎಳೆದರೆ ಸಾಕು. ಅವಳು ಹಿತ್ತಲ ಕಡೆ ನೋಡಿದಳು. ಒಗೆಯುವ ಕಲ್ಲಿನ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

"ಇಲ್ಲಪ್ಪ. ಬಿಚ್ಚಲ್ಲ."